ಹ್ಯಾಂಡಿಕ್ಯಾಮ್ ಥರದ ಕ್ಯಾಸೆಟ್‌ನಲ್ಲಿ ಇಟ್ಟ ಕಂಪ್ಯೂಟರ್ ಬ್ಯಾಕಪ್: ಇಷ್ಟು ವರ್ಷದ ಮೇಲೆ ಓದಬಹುದೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯ ಶಿರಸಿ ಪೇಟೆಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದರು. 1996ರಿಂದ 2003ರವರೆಗೆ ಡಿಟಿಪಿ ಮಾಡಿದ ಫೈಲುಗಳನ್ನೆಲ್ಲ ಟೇಪಿನಲ್ಲಿ ಬ್ಯಾಕಪ್ ಇಟ್ಟಿದ್ದಾರೆ. ಯಕ್ಷಗಾನ ಪ್ರಸಂಗಗಳು, ದೇವಸ್ಥಾನದ ಸ್ಮರಣ ಸಂಚಿಕೆ, ಊರಿನವರ ಕವನ ಸಂಕಲನ, ಎಲ್ಲ ಅದರಲ್ಲಿದೆಯಂತೆ. ಒಟ್ಟು 19 ಕ್ಯಾಸೆಟ್. ನೋಡಲು ಹ್ಯಾಂಡಿಕ್ಯಾಮ್ ಕ್ಯಾಸೆಟ್ ಥರಾನೇ ಇವೆ. ಏಳೆಂಟರ ಮೇಲೆ ವಿಡಿಯೊ ಕ್ಯಾಸೆಟ್ ಎಂದೇ ಅಚ್ಚಾಗಿದೆ. ನಾಲ್ಕರ ಕಿಟಕಿಯೊಳಗೆ ಬಿಳಿ ಬಿಳಿ ಕಾಣುತ್ತದೆ. ಒಂದರ ಮೇಲೆ ಅಪ್ಪಯ್ಯ 'ಟೆಸ್ಟ್, ಬೇಡ' ಎಂದು ಬರೆದಿದ್ದಾರೆ. ಎಕ್ಸಾಬೈಟ್ 8500 ಎಂಬ ಡ್ರೈವ್ ಅಟ್ಟದಲ್ಲಿದೆ. ಭಾವ ಹೇಳುತ್ತಾರೆ, ಹ್ಯಾಂಡಿಕ್ಯಾಮ್‌ಗೆ ಹಾಕಿ ನೋಡು, ಏನಾದರೂ ಇದ್ದರೆ ಕಾಣುತ್ತದೆ ಅಂತ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೇಳಿದರೆ ಟೇಪು 10 ವರ್ಷಕ್ಕೇ ಸತ್ತುಹೋಗುತ್ತದೆ, ಬಿಸಾಕಿ ಎಂದರು. ಅಪ್ಪಯ್ಯ ಮಾತ್ರ ಟೇಪಿನಷ್ಟು ಗಟ್ಟಿ ಇನ್ನೊಂದಿಲ್ಲ, ಈಗಿನ ಫೈಲನ್ನೂ ಅದಕ್ಕೇ ಹಾಕು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಮೊದಲು ಒಂದು ಮಾತು. ಈ ಉತ್ತರ ಪೂರ್ತಿ ಓದುವವರೆಗೆ ಯಾವ ಕ್ಯಾಸೆಟ್ಟನ್ನೂ ಯಾವ ಯಂತ್ರಕ್ಕೂ ಹಾಕಬೇಡಿ. ಹ್ಯಾಂಡಿಕ್ಯಾಮ್‌ಗಂತೂ ಬೇಡವೇ ಬೇಡ. ಅಟ್ಟದಿಂದ ಇಳಿಸಿದ ಡ್ರೈವ್‌ಗೆ ಕರೆಂಟನ್ನೂ ಕೊಡಬೇಡಿ. 20 ವರ್ಷ ಕಾದಿವೆ, ಇನ್ನೆರಡು ತಿಂಗಳು ಕಾಯುತ್ತವೆ. ನಾನು ಕಾರವಾರದಲ್ಲಿ ಕಂಪ್ಯೂಟರ್ ದುರಸ್ತಿ ಶುರು ಮಾಡಿದ ಕಾಲದಲ್ಲಿ ಇಂಥ ಡ್ರೈವ್‌ಗಳನ್ನು ಬೇಕಾದಷ್ಟು ಬಿಚ್ಚಿದ್ದೇನೆ. ಟೇಪು ತಾನಾಗಿ ಹಾಳಾದದ್ದಕ್ಕಿಂತ ಅವಸರದಲ್ಲಿ ಹಾಕಿ ನೋಡಿ ಹಾಳು ಮಾಡಿದ್ದೇ ಜಾಸ್ತಿ ಕಂಡಿದ್ದೇನೆ.

ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಈ ಡ್ರೈವ್ ಹುಟ್ಟಿದ್ದೇ ವಿಡಿಯೊ ಕ್ಯಾಮೆರಾದ ಮನೆಯಲ್ಲಿ. ಅಮೆರಿಕದ ಎಕ್ಸಾಬೈಟ್ ಕಂಪನಿ 1987ರಲ್ಲಿ 8200 ಎಂಬ ಡ್ರೈವ್ ತಂದಿತು. ಅದರೊಳಗೆ ಟೇಪು ಎಳೆದು ಸುತ್ತುವ ಯಂತ್ರಭಾಗ ಸೋನಿಯ 8 ಮಿ.ಮೀ. ವಿಡಿಯೊದ್ದೇ. ಒಂದು ಕ್ಯಾಸೆಟ್‌ನಲ್ಲಿ 2.3 ಜಿಬಿ ಹಿಡಿಯುತ್ತಿತ್ತು. ಆಗಿನ ಹಾರ್ಡ್ ಡಿಸ್ಕ್‌ಗಳನ್ನು ಎಂಬಿ ಲೆಕ್ಕದಲ್ಲಿ ಅಳೆಯುತ್ತಿದ್ದರು. ಅಂಗೈ ಅಗಲದ ಒಂದು ಕ್ಯಾಸೆಟ್‌ನಲ್ಲಿ ಇಡೀ ಆಫೀಸಿನ ಕೆಲಸ ಹಿಡಿಯುತ್ತದೆ ಎಂದರೆ ಯಾರಿಗೆ ಬೇಡ? ನಿಮ್ಮಲ್ಲಿರುವ 8500 ಅದರ ತಮ್ಮ. ಅದು 5 ಜಿಬಿ ಹಿಡಿಸುತ್ತಿತ್ತು. ಮನೆಯ ವಿಸಿಆರ್‌ಗೇ ಒಂದು ಕಾರ್ಡ್ ಜೋಡಿಸಿ ವಿಎಚ್‌ಎಸ್ ಕ್ಯಾಸೆಟ್‌ಗೆ ಡೇಟಾ ತುಂಬುವ ಸಾಮಾನೂ ಬೇರೆ ದೇಶಗಳಲ್ಲಿ ಬಂದಿತ್ತು. ರಷ್ಯಾದ ಆರ್ವಿಡ್ ಕಾರ್ಡ್ ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಸುಮಾರು 2 ಜಿಬಿ ಹಿಡಿಸುತ್ತಿತ್ತು. ನಿಮ್ಮದು ಆ ಜಾತಿಯದ್ದಲ್ಲ. ಅದಕ್ಕಿಂತ ಎಷ್ಟೋ ಮೇಲು.

ಆದರೆ ಟೇಪು ಒಂದೇ ಥರ ಇದ್ದರೂ ಬರಹ ಬೇರೆ. ಹ್ಯಾಂಡಿಕ್ಯಾಮ್‌ಗೆ ಹಾಕಿದರೆ ನಿಮ್ಮ ಪ್ರಸಂಗದ ಪುಟ ಕಾಣುವುದಿಲ್ಲ. ಖಾಲಿ ಪರದೆ ಅಥವಾ ಗಿಜಿಗಿಜಿ ಕಾಣುತ್ತದೆ. ಅದನ್ನು ನೋಡಿ 'ಏನೂ ಇಲ್ಲ' ಎಂದು ತೀರ್ಮಾನಿಸಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಮೇಲಾಗಿ ಅದು ರೆಕಾರ್ಡ್ ಮಾಡುವ ಯಂತ್ರ. ಕೈತಪ್ಪಿ ಕೆಂಪು ಗುಂಡಿ ಒತ್ತಿದರೆ ಮುಗಿಯಿತು.

ಈಗ ಹುಬ್ಬಳ್ಳಿಯವರ 10 ವರ್ಷದ ಮಾತು. ಟೇಪಿಗೆ ಹಾಲಿನ ಪ್ಯಾಕೆಟ್ಟಿನ ಹಾಗೆ ತಾರೀಕು ಇಲ್ಲ. ತಣ್ಣಗೆ, ಒಣಗಿದ ಜಾಗದಲ್ಲಿ ಇದ್ದರೆ 30 ವರ್ಷವೂ ಓದಿಸಿಕೊಳ್ಳುತ್ತದೆ. ಅಮೆರಿಕದ ನಾಸಾ 1966 ಮತ್ತು 1967ರಲ್ಲಿ ಲೂನಾರ್ ಆರ್ಬಿಟರ್ ನೌಕೆಗಳಿಂದ ಚಂದ್ರನ ಚಿತ್ರ ತೆಗೆಸಿತ್ತು. ಅವು ಟೇಪಿನಲ್ಲಿ ಕೂತಿದ್ದವು. ಆ ಟೇಪನ್ನು ಓದುವ ಯಂತ್ರವೂ ತಿರುಗುವ ಹೆಡ್ಡಿನದ್ದೇ (ಹೆಡ್ ಎಂದರೆ ಟೇಪಿನಲ್ಲಿ ಬರೆಯುವ, ಓದುವ ಭಾಗ), ಟಿವಿ ಸ್ಟುಡಿಯೊಗಳ ವಿಡಿಯೊ ರೆಕಾರ್ಡರಿನ ನೆಂಟ. 2008ರಿಂದ ಒಂದು ತಂಡ ಅವನ್ನು ಓದಿಸಲು ಕೂತಿತು. 40 ವರ್ಷದ ಟೇಪಿನಿಂದ ಚಿತ್ರ ಹೊರಬಂತು. ಅವರಿಗೆ ಹೆಚ್ಚು ಕಷ್ಟ ಕೊಟ್ಟದ್ದು ಟೇಪಲ್ಲ, ಯಂತ್ರ. ಕೆಟ್ಟು ನಿಂತಿದ್ದ ಹಳೇ ಯಂತ್ರಗಳನ್ನು ಬಿಡಿಭಾಗ ಹುಡುಕಿ ಎಬ್ಬಿಸಬೇಕಾಯಿತು.

ನಿಮ್ಮ ಪ್ರಶ್ನೆಗೂ ಇದೇ ಉತ್ತರದ ಬುಡ. ಟೇಪಿನಲ್ಲಿ ಡೇಟಾ ಇರುವುದು ಬೇರೆ, ಅದನ್ನು ಓದುವ ಯಂತ್ರ ಇರುವುದು ಬೇರೆ. ಈ ವಿಡಿಯೊ ಜಾತಿಯ ಡ್ರೈವ್‌ಗಳಲ್ಲಿ ಎರಡೂ ಗಂಡಹೆಂಡಿರ ಹಾಗೆ ಒಂದಕ್ಕೊಂದು ಹೊಂದಿರಬೇಕು. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೇ ಹಾಡಿನ ಕ್ಯಾಸೆಟ್‌ನಲ್ಲಿ ಹೆಡ್ ಸುಮ್ನೆ ನಿಂತಿರುತ್ತದೆ, ಟೇಪು ಅದರ ಮುಂದೆ ಹಾದುಹೋಗುತ್ತದೆ. ಬರಹ ಟೇಪಿನ ಉದ್ದಕ್ಕೂ ಗೆರೆ ಎಳೆದ ಹಾಗೆ. ವಿಡಿಯೊಗೆ ಆ ವೇಗ ಸಾಲದು. ಅದಕ್ಕೇ ಹೆಡ್ಡನ್ನೇ ಒಂದು ಡ್ರಮ್ಮಿನಲ್ಲಿ ಕೂರಿಸಿ ಗಿರಗಿರ ತಿರುಗಿಸಿದರು. ನಮ್ಮ ಮನೆಗಳಲ್ಲಿದ್ದ ವಿಸಿಆರ್ ತೆಗೆದುಕೊಳ್ಳಿ. ಟೇಪು ಸೆಕೆಂಡಿಗೆ ಬರೀ 2.3 ಸೆಂ.ಮೀ. ಸರಿಯುತ್ತದೆ. ಡ್ರಮ್ ಮಾತ್ರ ಸೆಕೆಂಡಿಗೆ 25 ಸುತ್ತು. ಹಾಗಾಗಿ ಹೆಡ್ಡಿಗೂ ಟೇಪಿಗೂ ನಡುವಿನ ವೇಗ ಸೆಕೆಂಡಿಗೆ ಸುಮಾರು 4.8 ಮೀಟರ್. ಟೇಪು ಡ್ರಮ್ಮಿಗೆ ಓರೆಯಾಗಿ ಸುತ್ತಿಕೊಳ್ಳುವುದರಿಂದ ಬರಹವೂ ಓರೆ ಓರೆ ಗೆರೆ. ನಿಮ್ಮ ಡ್ರೈವ್‌ನ ಒಂದೊಂದು ಗೆರೆ ತಲೆಕೂದಲಿಗಿಂತ ಎಷ್ಟೋ ಸಣ್ಣ.

ಕೆಟ್ಟ ಡ್ರೈವ್ ಸಿಕ್ಕಿದರೆ ಒಮ್ಮೆ ಮುಚ್ಚಳ ತೆಗೆದು ನೋಡಿ. ನಡುವೆ ಕನ್ನಡಿಯ ಹಾಗೆ ಹೊಳೆಯುವ ಉರುಟು ಡ್ರಮ್, ಸ್ವಲ್ಪ ವಾಲಿಕೊಂಡು ಕೂತಿರುತ್ತದೆ. ಅದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಚೂರು ಒಂದು ಕಿಂಡಿಯಿಂದ ಇಣುಕುತ್ತಿರುತ್ತದೆ. ಅದೇ ಹೆಡ್. ಎರಡೂ ಬದಿ ಸಣ್ಣ ಸಣ್ಣ ಕಂಬಗಳು. ಟೇಪು ಎಷ್ಟು ಎತ್ತರದಲ್ಲಿ ಡ್ರಮ್ಮನ್ನು ಬಳಸಿ ಹೋಗಬೇಕು ಎಂದು ಹೇಳುವುದು ಆ ಕಂಬಗಳು. ಅವು ಕೂದಲೆಳೆಯಷ್ಟು ಏರುಪೇರಾದರೆ ಏನಾಗುತ್ತದೆ ಗೊತ್ತಾ? ಡ್ರೈವ್ ತಾನು ಬರೆದದ್ದನ್ನು ತಾನು ಚೆನ್ನಾಗಿಯೇ ಓದುತ್ತದೆ. ಓರೆಯಾಗಿ ಬರೆದದ್ದನ್ನು ಅದೇ ಓರೆಯಲ್ಲಿ ಓದುತ್ತದೆ, ಅಲ್ವಾ? ಬೇರೆ ಡ್ರೈವ್‌ಗೆ ಹಾಕಿದಾಗ ಮಾತ್ರ ಒಂದಕ್ಷರವೂ ಸಿಗುವುದಿಲ್ಲ.

1999ರ ಮಳೆಗಾಲದಲ್ಲಿ ಕಾರವಾರದ ಒಂದು ಆಫೀಸಿನಲ್ಲಿ ಹೀಗೇ ಆಯಿತು. ಸರ್ವರ್‌ನ ಡಿಸ್ಕ್ ಹೋಯಿತು. ಅದಕ್ಕೆ ಒಂದು ತಿಂಗಳ ಹಿಂದೆ ಟೇಪ್ ಡ್ರೈವ್ ಹಾಳಾಗಿ ಹೊಸದು ತರಿಸಿದ್ದರು. ಹೊಸ ಡ್ರೈವ್‌ಗೆ ಹಳೇ ಕ್ಯಾಸೆಟ್ 14 ಹಾಕಿದೆ, 14ಕ್ಕೂ ಅದೇ ದೂರು: ಓದಲಾಗುತ್ತಿಲ್ಲ. ಅಲ್ಲಿನ ಮ್ಯಾನೇಜರ್ ಮುಖ ಈಗಲೂ ಕಣ್ಣ ಮುಂದಿದೆ. ಟೇಪೆಲ್ಲ ಹಾಳಾಗಿದೆ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ನಾನು ಹಳೇ ಡ್ರೈವ್ ಎಲ್ಲಿ ಎಂದು ಕೇಳಿದೆ. ಗುಜರಿಗೆ ಹಾಕಲು ಮೆಟ್ಟಿಲ ಕೆಳಗೆ ಇಟ್ಟಿದ್ದರು. ತಂದು ಬಿಚ್ಚಿ ನೋಡಿದರೆ ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರ್ ಗಟ್ಟಿಯಾಗಿ ಜಾರುತ್ತಿತ್ತು, ಅಷ್ಟೇ. ಅದೊಂದನ್ನು ಬದಲಿಸಿದೆ. ಕಂಬಗಳನ್ನು ಮುಟ್ಟಲೇ ಇಲ್ಲ. ಮುಟ್ಟಿ 'ಸರಿ' ಮಾಡಿದ್ದರೆ ಆ ಕ್ಯಾಸೆಟ್‌ಗಳನ್ನು ಓದುವ ಯಂತ್ರ ಭೂಮಿ ಮೇಲೆ ಇನ್ನೊಂದು ಇರುತ್ತಿರಲಿಲ್ಲ. 14ರಲ್ಲಿ 12 ಓದಿದವು. ಅದಕ್ಕೇ ನಿಮ್ಮ ಅಟ್ಟದ ಡ್ರೈವ್ ಬಗ್ಗೆ ಇಷ್ಟು ಹೇಳುತ್ತಿದ್ದೇನೆ. ಕ್ಯಾಸೆಟ್‌ಗಳಷ್ಟೇ ಅದೂ ಮುಖ್ಯ. ಯಾರಿಗೂ ಮಾರಬೇಡಿ, ಸ್ಕ್ರೂ ಬಿಚ್ಚಬೇಡಿ.

ಹಾಗಾದರೆ ಈ ವಿಧಾನ ನಂಬಿಕೆಗೆ ಅರ್ಹವೇ ಆಗಿತ್ತಾ? ಹೌದು, ಷರತ್ತುಗಳಿದ್ದವು. ವಿಡಿಯೊದಲ್ಲಿ ಟೇಪಿನ ಮೇಲೆ ಒಂದು ಧೂಳಿನ ಕಣ ಕೂತು ಪರದೆಯ ಚಿತ್ರದಲ್ಲಿ ಒಂದು ಗೆರೆ ಹೋದರೆ ವಿಸಿಆರ್ ಚಿತ್ರದ ಹಿಂದಿನ ಗೆರೆಯನ್ನೇ ಇನ್ನೊಮ್ಮೆ ತೋರಿಸಿ ಮುಚ್ಚಿಬಿಡುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಫೈಲಿನಲ್ಲಿ ಹಾಗೆ ನಡೆಯುವುದಿಲ್ಲ. ಒಂದು ಕಡೆ ತಪ್ಪಿದರೆ ಕೆಲವೊಮ್ಮೆ ಇಡೀ ಫೈಲೇ ತೆರೆಯುವುದಿಲ್ಲ. ಅದಕ್ಕೇ ಈ ಡ್ರೈವ್ ಮಾಡಿದವರು ಡೇಟಾದ ಜೊತೆ ತಪ್ಪು ತಿದ್ದುವ ಸಂಕೇತವನ್ನೂ ಬರೆಯುವ ವ್ಯವಸ್ಥೆ ಮಾಡಿದರು. ಬರೆದ ಕೂಡಲೇ ಇನ್ನೊಂದು ಹೆಡ್ ಅದನ್ನು ಓದಿ ನೋಡುತ್ತದೆ. ತಪ್ಪಿದ್ದರೆ ಮುಂದೆ ಮತ್ತೆ ಬರೆಯುತ್ತದೆ. ವಿಸಿಆರ್‌ಗೆ ಕಾರ್ಡ್ ಜೋಡಿಸಿ ಮಾಡುವ ಬ್ಯಾಕಪ್‌ನಲ್ಲಿ ಈ ಎರಡನೇ ಸೌಲಭ್ಯ ಇರಲಿಲ್ಲ. ವಿಸಿಆರ್ ಒಂದೋ ಬರೆಯುತ್ತದೆ ಇಲ್ಲವೇ ಓದುತ್ತದೆ. ಅದರ ಮೇಲೆ ನನಗೆ ಯಾವತ್ತೂ ಭರವಸೆ ಇರಲಿಲ್ಲ.

ನಿಮ್ಮ ಅಪ್ಪಯ್ಯ ಏಳೆಂಟು ಕಡೆ ಮಾಮೂಲಿ ವಿಡಿಯೊ ಕ್ಯಾಸೆಟ್ ಬಳಸಿದ್ದಾರೆ. ಆಗ ತುಂಬಾ ಜನ ಹಾಗೇ ಮಾಡುತ್ತಿದ್ದರು. ಡೇಟಾಕ್ಕೆಂದೇ ಬರುವ ಕ್ಯಾಸೆಟ್ ದುಬಾರಿ, ಇಲ್ಲಿ ಸಿಗುತ್ತಲೂ ಇರಲಿಲ್ಲ. ಮದುವೆ ವಿಡಿಯೊ ತೆಗೆಯುವವರ ಹತ್ತಿರ ಕೇಳಿದರೆ ಇದು ಸಿಗುತ್ತಿತ್ತು. ಅದರಿಂದ ಡೇಟಾ ಹೋಗಿಯೇ ಹೋಗುತ್ತದೆ ಎಂದೇನಿಲ್ಲ. ಆದರೆ ಡೇಟಾ ಕ್ಯಾಸೆಟ್ಟನ್ನು ಲೋಪ ಕಡಿಮೆ ಇದೆಯೇ ಎಂದು ಪರೀಕ್ಷಿಸಿ ಮಾರುತ್ತಿದ್ದರು. ವಿಡಿಯೊದ್ದಕ್ಕೆ ಆ ಪರೀಕ್ಷೆ ಇಲ್ಲ. ಲೋಪ ಜಾಸ್ತಿ ಇದ್ದರೆ ಡ್ರೈವ್ ಮತ್ತೆ ಮತ್ತೆ ಬರೆದು ಟೇಪೂ ಸವೆಯುತ್ತದೆ, ತಪ್ಪು ತಿದ್ದುವ ಶಕ್ತಿಯಲ್ಲೂ ಉಳಿಕೆ ಕಡಿಮೆ ಇರುತ್ತದೆ. ಇವನ್ನು ಬೇರೆ ಮಾಡಿ ಇಡಿ, ಕೊನೆಗೆ ಓದಿಸೋಣ.

ಇನ್ನು ನಮ್ಮ ಜಿಲ್ಲೆಯದೇ ಕಾಯಿಲೆ: ತೇವ. ಟೇಪನ್ನು ವರ್ಷಗಟ್ಟಲೆ ಇಡಲು 16ರಿಂದ 25 ಡಿಗ್ರಿ ಉಷ್ಣತೆ, ಗಾಳಿಯ ತೇವ 20ರಿಂದ 50 ಶೇಕಡಾ ಇರಲಿ ಎಂದು ಈಗಿನ ಡೇಟಾ ಟೇಪುಗಳಿಗೂ ಹೇಳುತ್ತಾರೆ. ಘಟ್ಟದ ಕೆಳಗೆ ಅಂಕೋಲೆ, ಕುಮಟೆಯಲ್ಲಿ ಜೂನ್ ಬಂದರೆ ಆ ಮಟ್ಟವನ್ನು ಕೇಳುವುದೇ ಬೇಡ. ಘಟ್ಟದ ಮೇಲೆ ನಿಮಗೆ ಸೆಕೆ ಕಡಿಮೆ, ಮಳೆಗೇನೂ ಕಡಿಮೆ ಇಲ್ಲ. ಕಪಾಟಿನ ಚರ್ಮದ ಚಪ್ಪಲಿಗೆ ಬೂಷ್ಟು ಬರುವ ಊರಿನಲ್ಲಿ ಕ್ಯಾಸೆಟ್‌ಗೂ ಬರುತ್ತದೆ. ನೀವು ಕಂಡ ಬಿಳಿ ಬಹುಶಃ ಅದೇ. ಟಾರ್ಚ್ ಹಿಡಿದು ಕಿಟಕಿಯಲ್ಲಿ ಓರೆಯಾಗಿ ನೋಡಿ. ಸುತ್ತಿದ ಟೇಪಿನ ಅಂಚಿನ ಮೇಲೆ ಹತ್ತಿಯ ಎಳೆಯಂಥದ್ದು ಅಥವಾ ಹಿಟ್ಟು ಉದುರಿದ ಹಾಗೆ ಕಂಡರೆ ಬೂಷ್ಟು. ಆ ನಾಲ್ಕನ್ನು ಉಳಿದವುಗಳಿಂದ ದೂರ ಇಡಿ. ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಅಂಥ ಒಂದು ಕ್ಯಾಸೆಟ್ ಡ್ರೈವ್‌ಗೆ ಹೋದರೆ ಪುಡಿ ಡ್ರಮ್ಮಿಗೆ ಹತ್ತುತ್ತದೆ, ಅಲ್ಲಿಂದ ಒಳ್ಳೆಯ ಹದಿನೈದಕ್ಕೂ ಹರಡುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಇದೆ. ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಅಂಟಿನಲ್ಲಿ ಹಚ್ಚಿದ್ದು. ಆ ಅಂಟು ವರ್ಷಗಟ್ಟಲೆ ತೇವ ಹೀರಿದರೆ ಒಡೆಯುತ್ತದೆ, ಜಿಗುಟಾಗುತ್ತದೆ. ಓಡಿಸಿದಾಗ ಕಿರ್ ಎಂದು ಸದ್ದು ಬಂದು ಹೆಡ್ಡಿಗೆ ಕಪ್ಪು ಅಂಟು ಮೆತ್ತುತ್ತದೆ. ಅಂಥದ್ದು ಕೇಳಿದ ಕೂಡಲೇ ನಿಲ್ಲಿಸಬೇಕು.

ಮನೆಯವರು ಪ್ರೀತಿಯಿಂದ ಮಾಡುವ ಉಪಾಯಗಳನ್ನೂ ಹೇಳಿಬಿಡುತ್ತೇನೆ. ಹಪ್ಪಳದ ಹಾಗೆ ಬಿಸಿಲಿಗೆ ಇಡಬೇಡಿ, ಟೇಪು ಸೊಟ್ಟಗಾಗುತ್ತದೆ. ಅಕ್ಕಿ ಡಬ್ಬದಲ್ಲಿ ಹುಗಿಯಬೇಡಿ, ಅಕ್ಕಿಯ ಹಿಟ್ಟು ಒಳಗೆ ಹೋಗುತ್ತದೆ. ಬೂಷ್ಟು ಬರದಿರಲಿ ಎಂದು ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಡುವುದೂ ಬೇಡ. ಹೊಗೆಯ ಜಿಡ್ಡು ಬೂಷ್ಟಿಗಿಂತ ಕೆಟ್ಟದ್ದು. ಓವನ್‌ನಲ್ಲಿ ಟೇಪು 'ಬೇಯಿಸುವ' ವಿಡಿಯೊ ನೋಡಿರಬಹುದು. ಅದು ಕೆಲವೇ ಜಾತಿಯ ಟೇಪಿಗೆ, ಉಷ್ಣತೆ ಹಿಡಿತದಲ್ಲಿಡುವ ಯಂತ್ರದಲ್ಲಿ, ತಿಳಿದವರು ಮಾಡುವ ಕೆಲಸ. ಇನ್ನು ಮೊಬೈಲ್ ಪಕ್ಕ ಇಟ್ಟರೆ ಅಳಿಸಿಹೋಗುತ್ತದೆ ಎಂಬ ಹೆದರಿಕೆ ಬೇಡ. ಬಲವಾದ ಅಯಸ್ಕಾಂತವನ್ನು ತಾಗಿಸದಿದ್ದರೆ ಸಾಕು.

ಸರಿಯಾದ ದಾರಿ ನಿಧಾನದ್ದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಕ್ಯಾಸೆಟ್‌ಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ. ಜೊತೆಗೆ ಸಿಲಿಕಾ ಜೆಲ್ ಚೀಲ ಹಾಕಿ, ತೇವ ತೋರಿಸುವ ಸಣ್ಣ ಮೀಟರ್ ಒಂದನ್ನು ಇಡಿ. ಮೀಟರ್ 40ರ ಆಸುಪಾಸಿಗೆ ಇಳಿದು ಎರಡು ಮೂರು ವಾರ ಅಲ್ಲೇ ನಿಲ್ಲಲಿ. ಬೂಷ್ಟಿನದ್ದಕ್ಕೆ ಬೇರೆ ಡಬ್ಬ. ಓದಿಸುವ ಕೆಲಸವನ್ನು ಆಷಾಢದಲ್ಲಿ ಮಾಡಬೇಡಿ. ಅಡಿಕೆ ಕೊಯ್ಲು ಒಣಗುವ ಹೊತ್ತು, ಡಿಸೆಂಬರ್ ಜನವರಿ, ಇದಕ್ಕೂ ಒಳ್ಳೆಯದು.

ಆಮೇಲೆ ಏನು? ನಿಮ್ಮ ಡ್ರೈವ್ ಎಬ್ಬಿಸುವುದು ಒಂದು ದಾರಿ. ಇಷ್ಟು ವರ್ಷದಲ್ಲಿ ರಬ್ಬರ್ ಗಟ್ಟಿಯಾಗಿರುತ್ತದೆ. ಒಳಗಿನ ಬೋರ್ಡ್‌ನಲ್ಲಿ ಸಣ್ಣ ಕೆಪಾಸಿಟರ್‌ಗಳು ಸೋರಿ ತಾಮ್ರದ ಗೆರೆ ತಿಂದಿರಬಹುದು. ಹಾಗಾಗಿ ಕರೆಂಟ್ ಕೊಡುವ ಮೊದಲು ಬಲ್ಲವರು ಬೋರ್ಡ್ ನೋಡಬೇಕು. ಅದನ್ನು ಜೋಡಿಸಲು ಸ್ಕಸಿ ಎಂಬ ಹಳೇ ಬಗೆಯ ಜೋಡಣೆಯ ಕಾರ್ಡ್ ಇರುವ ಹಳೇ ಕಂಪ್ಯೂಟರ್ ಬೇಕು. ಅದರಲ್ಲಿ ಲಿನಕ್ಸ್ ಹಾಕಿದರೆ ಅನುಕೂಲ, ಈಗಲೂ ಟೇಪ್ ಡ್ರೈವ್ ಗುರುತಿಸುತ್ತದೆ. ಆಗಿನ ಬ್ಯಾಕಪ್ ಸಾಫ್ಟ್‌ವೇರ್ ಹುಡುಕಿಕೊಂಡು ಕೂರಬೇಡಿ. ಮೊದಲು ಟೇಪಿನಲ್ಲಿ ಇರುವುದನ್ನು ಇದ್ದ ಹಾಗೇ ಒಂದೇ ಸಲಕ್ಕೆ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಬೇಕು. ಬಿಡಿಸುವ ಕೆಲಸ ಆಮೇಲೆ, ಆ ಪ್ರತಿಯ ಮೇಲೆ. ಹಳೇ ಟೇಪು ಎಷ್ಟು ಸಲ ಓಡುತ್ತದೆ ಎಂದು ಹೇಳಲಾಗದು. ಮೊದಲನೇ ಓಟವೇ ಕೊನೆಯದು ಎಂದುಕೊಂಡು ಕೆಲಸ ಮಾಡಿ. ವಿಸಿಆರ್ ಹೆಡ್ ತೊಳೆಯುವ ಒರಟು ಕ್ಯಾಸೆಟ್ ಹಾಕಬೇಡಿ, ಹೆಡ್ ಉಜ್ಜಿಹೋಗುತ್ತದೆ.

ಬೇರೆ ಡ್ರೈವ್ ಕೊಳ್ಳುವುದು ಎರಡನೇ ದಾರಿ. ಹೊಸದು ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ಹೆಡ್ ಎಷ್ಟು ಸವೆದಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ಮೇಲೆ ಹೇಳಿದ ಓರೆಯ ಸಮಸ್ಯೆ ಬೇರೆ. ಹಾಗೆಂದು ಬೇಡ ಎನ್ನುವುದಿಲ್ಲ. ನಿಮ್ಮದು ಏಳಲೇ ಇಲ್ಲ ಎಂದಾಗ ಇದೇ ಗತಿ.

ಮೂರನೆಯದು ಬೆಂಗಳೂರಿನ ಡೇಟಾ ರಿಕವರಿಯವರಿಗೆ ಕೊಡುವುದು. ಬೂಷ್ಟು ಹಿಡಿದ ನಾಲ್ಕಕ್ಕೆ ನಾನು ಇದನ್ನೇ ಹೇಳುತ್ತೇನೆ. ಆದರೆ ಕೊಡುವ ಮೊದಲು ಕೇಳಿ: 8 ಮಿ.ಮೀ. ಡೇಟಾ ಡ್ರೈವ್ ನಿಮ್ಮ ಹತ್ತಿರವೇ ಇದೆಯಾ, ಇನ್ನೊಬ್ಬರಿಗೆ ಕಳಿಸುತ್ತೀರಾ? ಬೂಷ್ಟು ತೆಗೆಯುವುದು ಹೇಗೆ? ಡೇಟಾ ಸಿಗದಿದ್ದರೆ ಹಣ ಎಷ್ಟು? ಉತ್ತರ ತಡವರಿಸಿದರೆ ವಾಪಸ್ ಬನ್ನಿ. ಕ್ಯಾಸೆಟ್ ಜೊತೆ ಡ್ರೈವ್ ಕೂಡ ಒಯ್ಯಿರಿ.

ಒಂದು ಕೆಲಸವನ್ನು ಇವತ್ತೇ ಶುರು ಮಾಡಬಹುದು. ಅಪ್ಪಯ್ಯನ ಹತ್ತಿರ ಕೂತು ಪಟ್ಟಿ ಮಾಡಿ. ಯಾವ ಪುಸ್ತಕ ಅಚ್ಚಾಗಿದೆ, ಯಾವುದು ಅಚ್ಚಾಗದೆ ನಿಂತಿತು? ಅಚ್ಚಾದದ್ದರ ಒಂದು ಪ್ರತಿ ಯಾರದೋ ಮನೆಯಲ್ಲಿ ಸಿಕ್ಕೇ ಸಿಗುತ್ತದೆ. ಅದನ್ನು ಸ್ಕ್ಯಾನ್ ಮಾಡಿದರೆ ಟೇಪಿನ ಮೇಲಿನ ಭಾರ ಅರ್ಧ ಇಳಿಯಿತು. ಅಚ್ಚಾಗದ ಪ್ರಸಂಗ, ಯಾರೋ ತೀರಿಕೊಂಡವರ ಕವನ, ಇಂಥದ್ದು ಯಾವ ಕ್ಯಾಸೆಟ್‌ನಲ್ಲಿದೆ ಎಂದು ಅಪ್ಪಯ್ಯನಿಗೆ ನೆನಪಿರುವಾಗಲೇ ಬರೆದಿಡಿ. ಹಣ, ಶ್ರಮ ಅದಕ್ಕೆ ಮೊದಲು ಹೋಗಲಿ.

ಫೈಲು ಸಿಕ್ಕ ಮೇಲೂ ಒಂದು ಗಂಟು ಬಿಚ್ಚಬೇಕು. ಆಗಿನ ಡಿಟಿಪಿಯಲ್ಲಿ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಇರಲಿಲ್ಲ. ಶ್ರೀಲಿಪಿ, ಆಕೃತಿ ಮುಂತಾದ ಫಾಂಟ್‌ಗಳು ಒಂದೊಂದೂ ತನ್ನದೇ ಸಂಕೇತ ಇಟ್ಟುಕೊಂಡಿದ್ದವು. ಫಾಂಟ್ ಇಲ್ಲದೆ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಡೇಟಾ ಹಾಳಾಯಿತು ಎಂದು ಹೆದರಿ ಅಳಿಸಬೇಡಿ. ಪರಿವರ್ತಕಗಳಿವೆ. ಪ್ರೆಸ್ಸಿನ ಹಳೇ ಕಂಪ್ಯೂಟರ್, ಫಾಂಟ್ ಫ್ಲಾಪಿ, ಸಿಡಿ ಏನೇ ಇದ್ದರೂ ಕ್ಯಾಸೆಟ್ ಜೊತೆಗೇ ಜೋಪಾನ ಮಾಡಿ.

ಕೊನೆಯದಾಗಿ ಅಪ್ಪಯ್ಯನ ಮಾತು. ಟೇಪು ಗಟ್ಟಿ ಎಂದದ್ದು ತಪ್ಪಲ್ಲ. ದೊಡ್ಡ ಸಂಸ್ಥೆಗಳು ಈಗಲೂ ಟೇಪು ಬಳಸುತ್ತವೆ. 2011ರಲ್ಲಿ ಜಿಮೇಲ್‌ನಲ್ಲಿ ಕೆಲವರ ಪತ್ರಗಳು ಮಾಯವಾದಾಗ ಗೂಗಲ್ ಅವನ್ನು ವಾಪಸ್ ತಂದದ್ದು ಟೇಪಿನಿಂದಲೇ. ಆದರೆ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎಲ್‌ಟಿಒ ಎಂಬ ಬೇರೆ ಜಾತಿಯ ಡೇಟಾ ಟೇಪು. 2000ದಲ್ಲಿ ಬಂದದ್ದು. ಅದರಲ್ಲಿ ತಿರುಗುವ ಡ್ರಮ್ ಇಲ್ಲ, ಬರಹ ಉದ್ದುದ್ದಕ್ಕೆ, ಗೆರೆ ತಪ್ಪದ ಹಾಗೆ ಟೇಪಿನಲ್ಲೇ ಗುರುತು ಅಚ್ಚಾಗಿರುತ್ತದೆ. ಒಂಬತ್ತನೇ ತಲೆಮಾರಿನ ಕ್ಯಾಸೆಟ್‌ನಲ್ಲಿ 18 ಟಿಬಿ ಹಿಡಿಯುತ್ತದೆ. ಡ್ರೈವ್ ಬೆಲೆ ಮಾತ್ರ ಸಣ್ಣ ಪ್ರೆಸ್ ಹೊರುವಂಥದ್ದಲ್ಲ. ನಿಮಗೆ ಅದು ಬೇಡ. ಹಳೇ 8500ಕ್ಕೆ ಈಗಿನ ಫೈಲು ತುಂಬುವುದಂತೂ ಖಂಡಿತ ಬೇಡ. ಅದರಲ್ಲಿ ಉಳಿದಿರುವ ಒಂದೊಂದು ಗಂಟೆಯೂ ಹಳೇ ಕ್ಯಾಸೆಟ್‌ಗಳಿಗೆ ಮೀಸಲು.

ಎರಡು ಬೇರೆ ಬೇರೆ ಕಂಪನಿಯ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ತೀರಾ ಮುಖ್ಯವಾದದ್ದು ಇಂಟರ್ನೆಟ್ಟಿನಲ್ಲೂ ಇರಲಿ. ದೀಪಾವಳಿಗೊಮ್ಮೆ ಎರಡನ್ನೂ ಕಂಪ್ಯೂಟರ್‌ಗೆ ಹಾಕಿ ನಾಲ್ಕು ಹಳೇ ಫೈಲು ತೆರೆದು ನೋಡಿ. ಪೆನ್‌ಡ್ರೈವ್, ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟು ನಂಬಬೇಡಿ.

ನೀವೇ ಡ್ರೈವ್ ಎಬ್ಬಿಸುವುದಾದರೆ ಹಿಂಬದಿಯ ಲೇಬಲ್ ಮತ್ತು ಕೇಬಲ್ ಕಿಂಡಿಯ ಫೋಟೊ ಕಳಿಸಿ, ಯಾವ ಕಾರ್ಡ್ ಬೇಕು ಎಂದು ಹೇಳುತ್ತೇನೆ. ಡ್ರೈವ್ ಎದ್ದ ದಿನ ಮೊದಲು ಹಾಕಬೇಕಾದದ್ದು ಅಪ್ಪಯ್ಯ 'ಟೆಸ್ಟ್, ಬೇಡ' ಎಂದು ಬರೆದಿಟ್ಟ ಆ ಕ್ಯಾಸೆಟ್. ಅದೇ ಡ್ರೈವ್‌ನಲ್ಲಿ, ಅದೇ ಓರೆಯಲ್ಲಿ ಬರೆದದ್ದು, ಹೋದರೂ ನಷ್ಟವಿಲ್ಲ. ಕಿಟಕಿಯಲ್ಲಿ ಬಿಳಿ ಇಲ್ಲ ಎಂದು ನೋಡಿಕೊಂಡು, ಬರೆಯದ ಹಾಗೆ ತಡೆಯುವ ಪಟ್ಟಿ ಸರಿಸಿ ಹಾಕಿ. ಅದು ಓದಿತೆಂದರೆ ಉಳಿದವನ್ನು ಒಂದೊಂದಾಗಿ ಡಬ್ಬದಿಂದ ತೆಗೆಯಬಹುದು.